ಉಪ್ಪಿನ ಗುಡ್ಡೆಗೆ ಬಾಗಿಲು

ಲಿಯಾಂಡರ್ ಸೆಲ್ವರನ ಗ್ರಹಚಾರ ಹೆಬ್ಬೆರಳಗಲದ ಕಪ್ಪು ಬಣ್ಣದಿಂದ ಶುರುವಾಯಿತು.

ಸಾಲ್ಟ್ ಕೇ ದ್ವೀಪದ ಉಪ್ಪಿನಾಗರದಲ್ಲಿ ಉಪ್ಪು ಎಳೆದೂ ಎಳೆದೂ ಅವನ ಸೊಂಟ ಹೋಗಿತ್ತು. ಅಂದು ಸಂಜೆ ರಾಜಧಾನಿ ಗ್ರ್ಯಾಂಡ್ ಟರ್ಕ್‌ನಿಂದ ದೊಡ್ಡ ಸಾಹೇಬರು ಬರುವವರಿದ್ದರು. ಕಚೇರಿಯ ಹಲಗೆಯ ಮೇಲೆ ಬ್ರಿಟಿಷ್ ವಸಾಹತಿನ ಬಾವುಟದ ಲಾಂಛನ ಚೆನ್ನಾಗಿ ಬರೆದರೆ ಸರ್ಕಾರಿ ಪೇಂಟರ್ ಕೆಲಸ ಖಂಡಿತ ಎಂದು ಗುಮಾಸ್ತ ಟಾಲ್ಬಟ್ ಆಸೆ ತೋರಿಸಿದ್ದ. ಲಾಂಛನವೆಂದರೆ ಒಂದು ಹಡಗು, ಉಪ್ಪೆಳೆಯುವ ಆಳು, ಎರಡು ಉಪ್ಪಿನ ಗುಡ್ಡೆ. ಅದರಲ್ಲೊಂದಕ್ಕೆ ಕಪ್ಪು ಬಾಗಿಲು! ಹಿಂದೆಂದೋ ಲಂಡನ್ನಿನ ಯಾರೋ ಪುಣ್ಯಾತ್ಮ ಅದನ್ನು ಹಿಮದ ಗುಡಿಸಲೆಂದು ತಿಳಿದು ಇಟ್ಟ ಬಾಗಿಲು. ಅಲ್ಲಿ ಕೂತವರಿಗೆ ಬೆಳ್ಳಗೆ ಕಂಡದ್ದೆಲ್ಲ ಹಿಮ. ಲಿಯಾಂಡರ್ ಗುಮಾಸ್ತ ಕೊಟ್ಟ ಬಾವುಟಗಳ ಪುಸ್ತಕ ನೋಡಿ ಹಾಗೇ ಬರೆದ.

ಮೀನು ಮಾರಿ ಬರುತ್ತಿದ್ದ ಡ್ರೂಸಿಲಾ ಅಜ್ಜಿ ಬುಟ್ಟಿ ಇಳಿಸಿದಳು. "ಅದೇನೋ, ಬಾಗಿಲಾ? ಒಳಗೆ ಯಾರು ಬಾಡಿಗೆಗಿದಾರೆ, ನಿಮ್ಮಪ್ಪನಾ?"

"ಪುಸ್ತಕದಲ್ಲಿ ಹಾಗೇ ಇದೆ ಅಜ್ಜಿ."

"ಪುಸ್ತಕ ಬರೆದೋನು ಉಪ್ಪು ಹೊತ್ತಿದ್ನಾ? ನಿಮ್ಮಮ್ಮ ಹೊತ್ತೂ ಹೊತ್ತೂ ಸತ್ತಳಲ್ಲೋ! ಅವಳ ಉಪ್ಪಿಗೆ ಬಾಗಿಲಿಡ್ತೀಯಾ, ನಾಚಿಕೆಗೆಟ್ಟೋನೆ!"

ಲಿಯಾಂಡರ್ ಕಪ್ಪು ಕುಂಚ ಕೆಳಗಿಟ್ಟ. ಬಾಗಿಲಿನ ಮೇಲೆ ಬಿಳಿ ಬಳಿದ.

ಗುಮಾಸ್ತ ಬಂದವನೇ ಹೌಹಾರಿದ. "ಬಾಗಿಲು ಎಲ್ಲಯ್ಯಾ? ನನ್ನ ಅನ್ನಕ್ಕೂ ಕಲ್ಲು ಹಾಕ್ತೀಯಾ? ಇಡು ಮೊದಲು!"

ಇಟ್ಟ. ಅಷ್ಟರಲ್ಲಿ ಅಜ್ಜಿ ಅರ್ಧ ಆಗರವನ್ನೇ ಕರೆತಂದಳು. ಅಳಿಸಿದ. ಗುಮಾಸ್ತ ಕೆಕ್ಕರಿಸಿದ. ಮತ್ತೆ ಇಟ್ಟ. ಹಸಿ ಬಣ್ಣಗಳು ಕಲೆತು ಗುಡ್ಡೆ ಹಳಸಿದ ಗಂಜಿಯಂತಾಯಿತು. ದೋಣಿ ದಡ ಮುಟ್ಟುವಾಗ ಲಿಯಾಂಡರ್ ಅಮ್ಮನನ್ನು ನೆನೆದು, ಕೆಲಸ ಹೋದರೆ ಹೋಗಲಿ ಎಂದು, ದಪ್ಪಗೆ ಬಿಳಿಯನ್ನೇ ಮೆತ್ತಿದ.

ಸಾಹೇಬರು ಹಲಗೆಯ ಮುಂದೆ ಬಗ್ಗಿ ಗುಡ್ಡೆ ನೋಡಿದರು. "ಬಾಗಿಲು ಯಾಕಿಲ್ಲ?"

"ಉಪ್ಪಿಗೆ ಬಾಗಿಲಿರಲ್ಲ ಸ್ವಾಮಿ. ನಾನು ಎಳೆದಿದೀನಿ, ನನಗೆ ಗೊತ್ತು."

ಸಾಹೇಬರು ಅವನ ಕೈ ಕುಲುಕಿದರು. "ಇಷ್ಟು ವರ್ಷಕ್ಕೆ ನೀನೊಬ್ಬ ಸರಿಯಾಗಿ ಬರೆದೆ ಕಣಯ್ಯ. ಇವತ್ತಿಂದ ನೀನೇ ಸರ್ಕಾರಿ ಪೇಂಟರ್."

ಜನ ಹೋ ಎಂದರು. ಅಜ್ಜಿ ಖುಷಿಗೆ ಅವನ ಬೆನ್ನಿಗೊಂದು ಗುದ್ದಿದಳು.

"ಆದ್ರೆ ಈ ಚಿತ್ರ ಇನ್ನು ಬೇಡ," ಎಂದರು ಸಾಹೇಬರು. "ಬಾವುಟ ಬದಲಾಯ್ತು. ಹೊಸದರಲ್ಲಿ ಶಂಖ, ದೊಡ್ಡ ಸಿಗಡಿ, ಕಳ್ಳಿಗಿಡ. ಉಪ್ಪಿಲ್ಲ. ಅದು ಅಚ್ಚಾಗೇ ಬರುತ್ತೆ."

"ಮತ್ತೆ ನಾನೇನು ಬರೀಲಿ ಸ್ವಾಮಿ?"

ಸಾಹೇಬರು ಹಲಗೆಯನ್ನು ತಿರುಗಿಸಿ ನಿಲ್ಲಿಸಿದರು. "ಇಲ್ಲಿ ಬರಿ, ದೊಡ್ಡಕ್ಷರದಲ್ಲಿ. 'ಸೋಮವಾರದಿಂದ ಆಗರ ಬಂದ್.'"

"ಆಮೇಲೆ?"

"ಆಮೇಲೆ ಈ ದ್ವೀಪದಲ್ಲಿ ಬರೆಯೋಕೆ ಏನಿರುತ್ತೆ ಹೇಳು?"

ಲಿಯಾಂಡರ್ ಬರೆದ. ಅಕ್ಷರಗಳು ದುಂಡಗೆ ಬಂದವು. ಊರವರೆಲ್ಲ ನಿಂತು ಓದಿದರು. ಯಾರೂ ತಪ್ಪು ಹುಡುಕಲಿಲ್ಲ.