ಸರಪಳಿ ಫ್ಲಶ್ಶು, ಬಟನ್ ಫ್ಲಶ್ಶು

ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಇಪ್ಪತ್ತೆಂಟು ವರ್ಷದಿಂದ ಕಕ್ಕಸು ರಿಪೇರಿ ಮಾಡಿಕೊಂಡು ಬದುಕುತ್ತಿದ್ದೇನೆ. ಜನ ಒಳಗೆ ಹೋದರೆ ಚಿಲಕ ಹಾಕಿಕೊಳ್ಳುತ್ತಾರೆ. ಪ್ಲಂಬರ್ ಬಂದರೆ ಬಾಗಿಲೂ ತೆಗೆಯುತ್ತಾರೆ, ಬಾಯಿಯೂ ತೆಗೆಯುತ್ತಾರೆ. ಹಾಗಾಗಿ ವಾರಕ್ಕೊಂದು ತಮಾಷೆ ನನಗೆ ತಪ್ಪಿದ್ದಲ್ಲ. ಈ ಕಸುಬು ಅನ್ನವನ್ನೂ ಹಾಕಿದೆ, ನಗುವನ್ನೂ ಬಡಿಸಿದೆ. ಎರಡಕ್ಕೂ ಕೈ ಮುಗಿಯುತ್ತೇನೆ, ತೊಳೆದುಕೊಂಡೇ.

ಮೇಷ್ಟ್ರ ಪರೀಕ್ಷೆ

ಚಳ್ಳಕೆರೆಯ ರಿಟೈರ್ಡ್ ಮೇಷ್ಟ್ರ ಮನೆ ಹಿತ್ತಲಲ್ಲಿ ಹಳೇ ಕಾಲದ ಕಕ್ಕಸು. ತಲೆ ಮೇಲೆ ಕಬ್ಬಿಣದ ಟ್ಯಾಂಕು, ಅದಕ್ಕೊಂದು ಸರಪಳಿ. ಎಳೆದರೆ ಪಕ್ಕದ ಮನೆಯವರೂ ಎದ್ದು ಕೂರಬೇಕು, ಅಂಥ ಸದ್ದು. ಅವರ ಹೆಂಡತಿ ಹಟ ಹಿಡಿದು ಮನೆಯೊಳಗೆ ಹೊಸದನ್ನು ಹಾಕಿಸಿದರು. ಹಳೇದನ್ನು ಕೀಳಿಸಲು ಮಾತ್ರ ಮೇಷ್ಟ್ರು ಒಪ್ಪಲಿಲ್ಲ.

"ಪರೀಕ್ಷೆ ಮಾಡದೆ ಯಾರನ್ನೂ ಫೇಲ್ ಮಾಡಬಾರದು ಕಣಯ್ಯಾ" ಎಂದವರೇ ಅಡುಗೆಮನೆಯಿಂದ ಒಂದು ಪುಟ್ಟಿ ತುಂಬ ಸಣ್ಣ ಸಣ್ಣ ನಾಟಿ ಟೊಮ್ಯಾಟೊ ತಂದರು. "ಪೈಪು ಕಟ್ಕೊಂತೈತೆ ಸಾ" ಅಂದೆ. ಕೇಳಲಿಲ್ಲ. ಹತ್ತನ್ನು ಹಿತ್ತಲಿನದಕ್ಕೆ ಹಾಕಿ ಸರಪಳಿ ಎಳೆದರು. ಹತ್ತೂ ಮಾಯ. ಉಳಿದ ಹತ್ತನ್ನು ಹೊಸದಕ್ಕೆ ಹಾಕಿ ಬಟನ್ ಒತ್ತಿದರು. ಎಂಟು ಹೋದವು.

"ಇದು ಅರ್ಧ ನೀರಲ್ಲೇ ಎಂಟು ತಗೊಂಡಿದೆ. ಎರಡೂ ಪಾಸು, ಎರಡೂ ಇರಲಿ!" ಎಂದು ಮೇಷ್ಟ್ರು ಖುಷಿಪಟ್ಟರು.

ಅಷ್ಟರಲ್ಲಿ ಅವರ ಹೆಂಡತಿ ಒಳಗಿಂದ ಕೂಗಿದರು: "ಏನ್ರೀ, ಸಾರಿಗೆ ಇಟ್ಟಿದ್ದ ಟೊಮ್ಯಾಟೊ ಎಲ್ಲ್ರೀ?"

ಮೇಷ್ಟ್ರು ಬಗ್ಗಿ ನೋಡಿ ಮೆಲ್ಲಗೆ ಹೇಳಿದರು: "ಎರಡು ಉಳಿದಾವೆ ಕಣೇ."

ಚಿಕ್ಕದು, ದೊಡ್ಡದು

ಮೊಳಕಾಲ್ಮೂರಿನಲ್ಲಿ ಸೀರೆ ನೇಯುವವರ ಮನೆಗೆ ಎರಡು ಬಟನ್ನಿನ ಫ್ಲಶ್ ಹಾಕಿಕೊಟ್ಟಿದ್ದೆ. ಮೂರು ತಿಂಗಳಾದ ಮೇಲೆ ಮನೆಯ ಸೊಸೆ ಫೋನ್ ಮಾಡಿದಳು. "ಅಣ್ಣಾ, ಹಳೇದೇ ವಾಸಿ ಇತ್ತು. ಇದ್ರಾಗೆ ನೀರೇ ಸಾಲಲ್ಲ."

ಹೋಗಿ ನೋಡಿದರೆ ಎಲ್ಲ ಸರಿಯಾಗಿದೆ. "ಯಾವುದು ಒತ್ತುತೀಯಮ್ಮ?" ಎಂದೆ.

"ಚಿಕ್ಕದು."

"ದೊಡ್ಡದು ಯಾಕೆ ಒತ್ತಲ್ಲ?"

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆಯೇ ಮುಂದೆ ಬಂದು, ತೆಲುಗಲ್ಲೊಮ್ಮೆ ಕನ್ನಡದಲ್ಲೊಮ್ಮೆ, "ಪೆದ್ದದಿ ಪೆದ್ದವಾಳ್ಳಕಿ! ದೊಡ್ಡೋರಿಗೆ ದೊಡ್ಡದು, ಚಿಕ್ಕೋರಿಗೆ ಚಿಕ್ಕದು. ನಾನಿರುವಾಗ ಅವಳು ದೊಡ್ಡದು ಒತ್ತೋದಾ?" ಎಂದರು.

ಬಟನ್ನಿನ ಲೆಕ್ಕ ವಯಸ್ಸಿನದಲ್ಲ, ಒಳಗೆ ಮಾಡಿದ ಕೆಲಸದ್ದು ಎಂದು ವಿವರಿಸುವಷ್ಟರಲ್ಲಿ ನನಗೆ ಬೆವರು ಇಳಿಯಿತು. ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡು ಸೊಸೆಯ ಕೈ ಹಿಡಿದರು. "ಅಯ್ಯೋ ತಾಯಿ, ಬಾಯಿಬಿಟ್ಟು ಹೇಳಬಾರದಾ? ಇವತ್ತಿಂದ ನೀನೂ ಈ ಮನೆಗೆ ದೊಡ್ಡೋಳೇ. ಹೋಗು, ಒತ್ತು!"

ಟ್ಯಾಂಕಿನೊಳಗಿನ ಬಾಟ್ಲಿ

ಹಳೇ ಟ್ಯಾಂಕುಗಳು ನೀರು ಬಹಳ ಕುಡಿಯುತ್ತವೆ. ಅದರೊಳಗೆ ಮರಳು ತುಂಬಿದ ಬಾಟ್ಲಿ ಇಟ್ಟರೆ ಪ್ರತಿ ಸಲವೂ ಅಷ್ಟು ನೀರು ಉಳಿಯುತ್ತದೆ. ಗೌರಸಮುದ್ರದಲ್ಲಿ ಒಬ್ಬರ ಮನೆಯಲ್ಲಿ ಹಾಗೇ ಮಾಡಿದೆ. ಬೀದಿಯಲ್ಲಿ ಸಿಕ್ಕಿದ್ದು ಬ್ರಾಂದಿ ಬಾಟ್ಲಿ.

ವಾರದ ಮೇಲೆ ಮನೆ ಯಜಮಾನರು ಫೋನಿನಲ್ಲಿ ಅಳುವುದೊಂದು ಬಾಕಿ. "ನಮ್ಮಾಕೆ ಟ್ಯಾಂಕ್ ತೊಳೆಯಾಕೋಗಿ ಬಾಟ್ಲಿ ನೋಡವಳೆ. ಮೂರು ದಿನದಿಂದ ಮಾತಿಲ್ಲ. ನೀನೇ ಬಂದು ಹೇಳಪ್ಪಾ."

ಓಡಿ ಹೋದೆ. "ಅಕ್ಕಾ, ಅಣ್ಣಂದೇನೂ ತಪ್ಪಿಲ್ಲ. ಬಾಟ್ಲಿ ಇಟ್ಟಿದ್ದು ನಾನು."

ಆಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕುಡಿಯಾಕೆ ನಿನಗೆ ನಮ್ಮನೆ ಕಕ್ಕಸೇ ಬೇಕಾಗಿತ್ತೇನೋ?" ಎಂದರು. ಆದರೂ ಮುದ್ದೆ, ಮೊಸರು ಹಾಕಿ ಊಟ ಮಾಡಿಸಿಯೇ ಕಳಿಸಿದ ತಾಯಿ.

ಸೋರದ ಟ್ಯಾಂಕು

ದೊಡ್ಡಉಳ್ಳಾರ್ತಿಯಲ್ಲಿ ಕುರಿ ಸಾಕುವವರ ಒಂದು ಮನೆ. ಕುರಿ ಹಿಂದೆ ಹುಲ್ಲುಗಾವಲೆಲ್ಲ ಅಲೆದು ಅವ್ವನ ಮಂಡಿ ಸವೆದಿತ್ತು. ಕುಕ್ಕರಗಾಲಲ್ಲಿ ಕೂತರೆ ಏಳಲು ಆಗುತ್ತಿರಲಿಲ್ಲ. ಮಗ ಚೊಂಬು ನೀರು ಹಾಕುವ ಹಳೇದನ್ನು ಕೀಳಿಸಿ, ನನ್ನ ಕೈಲಿ ಫ್ಲಶ್ ಇರುವ ಕಮೋಡ್ ಹಾಕಿಸಿದ. ಅವ್ವ ನನ್ನ ತಲೆ ಮುಟ್ಟಿ, "ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗಾ" ಎಂದಿದ್ದಳು.

ಹದಿನೈದು ದಿನಕ್ಕೆ ಮಗ ಕರೆದ. "ಹಳೇದಕ್ಕೆ ಎರಡು ಚೊಂಬು ಸಾಕಿತ್ತು. ಇದು ಬಂದಾಗಿಂದ ಮಧ್ಯಾಹ್ನಕ್ಕೇ ಮೇಲಿನ ಟ್ಯಾಂಕ್ ಖಾಲಿ. ಎಲ್ಲೋ ಸೋರ್ತೈತೆ ಕಣಣ್ಣ."

ಫ್ಲಶ್ ಟ್ಯಾಂಕಿಗೆ ಅರಿಶಿನ ಕದಡಿ ಕಾದೆ. ಸೋರುತ್ತಿದ್ದರೆ ಕಮೋಡಿನೊಳಗೆ ಹಳದಿ ಇಳಿಯಬೇಕು. ಒಂದು ಹನಿ ಇಳಿಯಲಿಲ್ಲ. ವಾಶರ್ ಬಿಚ್ಚಿದೆ, ಹಾಕಿದೆ. ತಲೆ ಕೆರೆದುಕೊಂಡು ಕೂತಿದ್ದಾಗ ಅವ್ವ ಬಾಗಿಲಲ್ಲಿ ಬಂದು ನಿಂತಳು.

"ಸೋರಲ್ಲ ಮಗಾ. ಒತ್ತೋಳು ನಾನೇ" ಎಂದು ಪಿಸುಗುಟ್ಟಿದಳು.

"ದಿನಾ ಅಷ್ಟೊಂದು ಸಲಾನಾ ಅವ್ವಾ?"

"ಮುಚ್ಚಳ ಹಾಕ್ಕೊಂಡು ಸುಮ್ನೆ ಕುಂತಿರ್ತೀನಿ. ಮದುವೆಯಾಗಿ ಬಂದಾಗಿಂದ ಅವ್ವಾ ಮೇವು, ಅವ್ವಾ ಕುರಿಮರಿ, ಅವ್ವಾ ನೀರು ಅಂತ ಕೂಗೋದೇ ಆಯ್ತು. ಹಳೇದ್ರಾಗೆ ಸದ್ದಿರಲಿಲ್ಲ, ಅಲ್ಲಿಗೂ ಬಂದು ಬಾಗಿಲು ತಟ್ಟೋರು. ಈಗ ಯಾರಾದ್ರೂ ಕೂಗಿದ್ರೆ ಇದನ್ನ ಒತ್ತುತೀನಿ. ಎಲ್ಲಾರೂ ತೆಪ್ಪಗಾಗ್ತಾರೆ. ದೇವರಂಥ ಮಿಷನ್ ಕೊಟ್ಟೆ ಕಣಪ್ಪ!"

ನಾನು ನಗು ತಡೆದುಕೊಂಡು ಅಂಗಳಕ್ಕೆ ಬಂದೆ. ಮಗ ಕೇಳಿದ, "ಏನಾಗಿತ್ತಣ್ಣ?"

ನಾನು ಸ್ಪ್ಯಾನರು ಚೀಲಕ್ಕೆ ತುಂಬತೊಡಗಿದೆ. ಅಷ್ಟರಲ್ಲಿ ಅವನ ಹೆಂಡತಿ ಕೊಟ್ಟಿಗೆಯಿಂದ, "ಅತ್ತೇ, ಮರಿಗೆ ಹಾಲು ಕುಡಿಸ್ಬೇಕು ಬರ್ರೀ!" ಎಂದು ಕೂಗಿದಳು.

ಒಳಗಿಂದ ಉತ್ತರ ಬಂತು: ಭುರ್ರ್‌ರ್!

ಮಗನ ಮುಖ ಸಣ್ಣಗಾಯಿತು. ಹೆಂಡತಿಗೆ ಕೈಸನ್ನೆ ಮಾಡಿ ಹೇಳಿದ: "ಲೇ, ಕೂಗಬ್ಯಾಡ. ಪಾಪ, ಅವ್ವಂಗೆ ಹದಿನೈದು ದಿನದಿಂದ ಹೊಟ್ಟೆ ಸರಿಯಿಲ್ಲ."