ಮುಂದಿನ ಪದ ನನಗೆ ಗೊತ್ತು

ಆ ಬೆಳಿಗ್ಗೆ ಕಾಫಿ ಕಣದ ಕಟ್ಟೆಯ ಮೇಲೆ ಕೂತಿದ್ದವರು ನಾನು, ಮೇಸ್ತ್ರಿ ಮಂಜಪ್ಪ ಮತ್ತು ಮೂಡಿಗೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾದಿನಿ ವೀಣಾ. ನನ್ನ ಹೆಂಡತಿ ಸುಮಿತ್ರಾ ಒಳಗೆ ಕಡುಬು ಬೇಯಿಸುತ್ತಿದ್ದಳು. ಬೇರೆಯವರ ಮಾತನ್ನು ನಾನೇ ಮುಗಿಸಿಬಿಡುವ ಚಟ ನನಗೆ ಮೊದಲಿನಿಂದಲೂ ಉಂಟು. ಒಮ್ಮೆ ಸಾವಿನ ಮನೆಯಲ್ಲಿ ತೀರಿಕೊಂಡವರ ಮಗ "ಅಪ್ಪಯ್ಯ ಕೊನೇ ಗಳಿಗೇಲಿ..." ಎಂದ. "ದೇವರ ಹೆಸರು ಹೇಳಿದ್ರು" ಎಂದೆ ನಾನು. "ಇಲ್ಲ, ನಿಮ್ಮ ಹೆಸರು ಹೇಳಿ ಬೈದ್ರು" ಎಂದ ಅವನು.

ಈ ಚಟವೇ ಈಗ ಕಂಪ್ಯೂಟರಿನಲ್ಲಿ ದೊಡ್ಡ ವಿಜ್ಞಾನವಾಗಿದೆ ಎಂದು ವೀಣಾ ಹೇಳಿದಾಗ ನನಗೆ ಕೋಡು ಮೂಡಿತು.

"ಶುರುವಾಗಿದ್ದು ಮಾತಿಂದಲ್ಲ ಭಾವ. ಮಿದುಳಿನ ನರಕೋಶ ನೋಡಿ ಪುಟ್ಟದೊಂದು ಲೆಕ್ಕದ ಯಂತ್ರ ಮಾಡಿದ್ರು. ಕಾಫಿ ಒಣಗಿದ್ಯಾ ಅಂತ ನೀವು ಹೇಗೆ ನೋಡ್ತೀರಿ?"

"ಬಣ್ಣ ನೋಡ್ತೀನಿ, ಸದ್ದು ಕೇಳ್ತೀನಿ, ಹಲ್ಲಲ್ಲಿ ಕಚ್ತೀನಿ. ಹೆಚ್ಚು ನಂಬೋದು ಹಲ್ಲನ್ನ."

"ಆ ನಂಬಿಕೆಗೇ ತೂಕ ಅನ್ನೋದು. ಹಲ್ಲು ಮೋಸ ಮಾಡಿದ್ರೆ ಮುಂದಿನ ಸಲ ಅದರ ತೂಕ ಸ್ವಲ್ಪ ಇಳಿಸೋದು, ಸದ್ದಿನದ್ದು ಏರಿಸೋದು. ಯಂತ್ರ ಕಲಿಯೋದು ಹೀಗೇ."

ಆಮೇಲೆ ಇಂಥವನ್ನು ಪದರ ಪದರವಾಗಿ ಪೇರಿಸಿದರಂತೆ. ಕೊನೆಯಲ್ಲಿ ತಪ್ಪಾದರೆ ಯಾರ ಪಾಲೆಷ್ಟು ಎಂದು ಹಿಂದಕ್ಕೆ ಹಂಚುತ್ತ ಬರುವುದಂತೆ. ಮಂಜಪ್ಪ ತಲೆದೂಗಿದ. "ಗೊತ್ತಾಯ್ತು ಅಕ್ಕೋರೆ. ಕಾಫಿ ತಗೊಳ್ಳೋ ಕ್ಯೂರಿಂಗ್ ವರ್ಕ್ಸಿನೋರು ನಮ್ಮ ಗೌಡ್ರಿಗೆ ಬೈತಾರೆ, ಗೌಡ್ರು ನನಗೆ, ನಾನು ಆಳುಗಳಿಗೆ."

"ಅಲ್ಲಿ ಗೌಡ್ರೂ ತಿದ್ಕೋತಾರೆ, ಅಷ್ಟೇ ವ್ಯತ್ಯಾಸ" ಎಂದಳು ವೀಣಾ.

ಮುಂದೆ ಪದದ ಹಿಂದೆ ಪದ ಓದುವ ಯಂತ್ರಗಳು ಬಂದವಂತೆ. ಉದ್ದದ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಅವಕ್ಕೆ ಆರಂಭವೇ ಮರೆತಿರುತ್ತಿತ್ತಂತೆ. ಈಗಿನವು ಹಿಂದಿನ ಮಾತನ್ನೆಲ್ಲ ತಿರುಗಿ ನೋಡಿ, ಯಾವುದಕ್ಕೆ ಯಾವುದು ನಂಟು ಎಂದು ತೂಗಿ, ಮುಂದಿನ ಪದ ಊಹಿಸುತ್ತವೆ. ಅದನ್ನೂ ಸೇರಿಸಿಕೊಂಡು ಇನ್ನೊಂದು. ಹೀಗೇ ಪತ್ರ, ಪದ್ಯ, ಕಥೆ. ಬುಡದಲ್ಲಿ ಮಾತ್ರ ಅದೇ ಹಳೆಯ ತೂಕ, ಅದೇ ತಿದ್ದುಪಡಿ.

"ಇಷ್ಟೇನಾ ಮಾರಾಯ್ತಿ! ನಿಮ್ಮಕ್ಕನ ಮುಂದಿನ ಪದ ನಾನು ಇಪ್ಪತ್ತೆಂಟು ವರ್ಷದಿಂದ ಊಹಿಸ್ತಾ ಇದ್ದೀನಿ" ಎಂದೆ. ಅಷ್ಟರಲ್ಲಿ ಸುಮಿತ್ರಾ ಬಾಗಿಲಿಗೆ ಬಂದಳು.

"ರೀ, ಕಣದ ಕಾಫಿ ಒಣಗಿದೆ, ಆದ್ರೆ..."

"ಆದ್ರೆ ಮೋಡ ಬರ್ತಿದೆ, ಬೇಗ ಮೂಟೆ ಕಟ್ಟಿಸಿ ಕಳಿಸಿ. ಅಷ್ಟೇ ತಾನೆ?"

"ಅಲ್ಲಾರೀ, ಬಲಗಡೆ..."

"ಬಲಗಡೆಯಿಂದಲೇ ಶುರು ಮಾಡಿಸ್ತೀನಿ!"

ನಾನು ವೀಣಾಳತ್ತ ಹೆಮ್ಮೆಯಿಂದ ನೋಡಿದೆ. "ಎಲ್ಲ ನೀವೇ ಬಲ್ಲೋರು" ಎಂದು ಸುಮಿತ್ರಾ ಒಳಗೆ ಹೋದಳು. ನಾನು ಕೈಗೆ ಸಿಕ್ಕ ಎಡಗಡೆಯ ನಾಲ್ಕು ಕಾಳು ಕಚ್ಚಿ ನೋಡಿ ಇಡೀ ಕಣವನ್ನೇ ಮೂಟೆ ಕಟ್ಟಿಸಿ ಕ್ಯೂರಿಂಗ್ ವರ್ಕ್ಸಿಗೆ ಕಳಿಸಿದೆ. ಹೋದ ವರ್ಷ ನಮ್ಮ ಕಾಫಿ ಹಸಿಯೆಂದು ಒಮ್ಮೆ ವಾಪಸ್ಸಾಗಿತ್ತು. ಈ ಸಲವೂ ಹಾಗಾದರೆ ನಮ್ಮೂರು ಬಾಳೂರಿನಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ.

ನಾಲ್ಕನೆಯ ದಿನ ಲಾರಿ ಮೂಟೆಗಳ ಸಮೇತ ಹಿಂದಕ್ಕೆ ಬಂತು. ಹಸಿ! ಮೂಟೆ ಕಟ್ಟುವ ಎರಡು ದಿನ ಮುಂಚೆ ನಾನೂ ಮಂಜಪ್ಪನೂ ಹೊರನಾಡಿನ ದೇವಸ್ಥಾನಕ್ಕೆ ಹೋಗಿದ್ದಾಗ ಸುಮಿತ್ರಾ ಬಲಗಡೆಗೆ ಹೊಸದಾಗಿ ತೊಳೆದ ಕಾಫಿ ಹರಡಿಸಿದ್ದಳಂತೆ. ಬೈಯಲೆಂದು ಮಂಜಪ್ಪನ ಕಡೆ ತಿರುಗಿದೆ.

"ಗೌಡ್ರೇ, ಇದನ್ನ ಹಿಂದಕ್ಕೆ ಹಂಚ್ಬೇಡಿ. ಪೂರ್ತಿ ನಿಮ್ದೇ" ಎಂದ.

ಮೂಟೆ ಬಿಚ್ಚಿ ಮತ್ತೆ ಹರಡಿದೆವು. ಮುಂದಿನ ವಾರ ಲಾರಿ ಬಂತು. ತುಂಬಿಸುವುದಾ ಎಂದು ಡ್ರೈವರ್ ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಮಂಜಪ್ಪ ನನ್ನನ್ನು ದಾಟಿ ಅಡುಗೆಮನೆಯ ಬಾಗಿಲಿಗೆ ಹೋಗಿ ಸುಮಿತ್ರಾಳನ್ನು ಕೇಳಿಕೊಂಡು ಬಂದ. ಅವಳು ಹೂಂ ಎಂದಿದ್ದಳು. ಒಬ್ಬ ಆಳು ಕಡಿಮೆ ಇದ್ದ. ಮೂಟೆ ಹೊರಲು ನಾನು ಹೆಗಲು ಕೊಟ್ಟೆ.