ಮಾವನ ಜಪಾನಿ ದೆವ್ವಗಳು

ನಮ್ಮ ಸೋದರಮಾವನಿಗೆ ಕಡೂರಿನ ದೆವ್ವಗಳ ಮೇಲೆ ಎಳ್ಳಷ್ಟೂ ಗೌರವವಿಲ್ಲ. ದೆವ್ವ ಎಂದರೆ ಜಪಾನಿನದೇ ಆಗಬೇಕು, ಅದೂ ಒಬ್ಬನೇ ನಿರ್ದೇಶಕ ಸಾಕಿದ್ದು! ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಈ ಮನುಷ್ಯ ತಾಮ್ರದ ತಂತಿ ಸುತ್ತುತ್ತಲೇ ಮೊಬೈಲಿನಲ್ಲಿ ಆತನ ಸಿನಿಮಾಗಳನ್ನೆಲ್ಲ ನೋಡಿ ಮುಗಿಸಿದ್ದಾನೆ. ಜಪಾನಿ ಭಾಷೆ ಬರುವುದಿಲ್ಲ. ಕೆಳಗೆ ಓಡುವ ಇಂಗ್ಲಿಷ್ ಸಾಲುಗಳ ಹಿಂದೆ ಕಣ್ಣು ಓಡುವುದಿಲ್ಲ. ದೆವ್ವ ನೋಡಲು ಭಾಷೆ ಯಾಕೆ ಬೇಕು? ಕತ್ತಲಾದ ಮೇಲೆ ಮಾತ್ರ ನೋಡುವುದಿಲ್ಲ, ಭಯವಾಗುತ್ತದಂತೆ.

"ಮೊದ್ಲಿನ ಸಿನಿಮಾ ನೋಡು, ಸ್ವಿಚ್ ಹಾಕ್ತಿದ್ದಂಗೇ ದೆವ್ವ ಮೈಮೇಲೆ ಬೀಳುತ್ತೆ. ಈಗಿನವು? ಗಂಟೆಗಟ್ಲೆ ಖಾಲಿ ರೂಮು ತೋರಿಸ್ತಾನೆ. ಕೆಟ್ಟ ಮೋಟಾರಿನಂಗೆ, ನೀರೇ ಎತ್ತಲ್ಲ ಕಣೋ," ಎಂದು ಆ ನಿರ್ದೇಶಕನ ಮೇಲೆ ವರ್ಷಗಟ್ಟಲೆ ಸಿಡುಕುತ್ತಿದ್ದ.

ಸುಟ್ಟ ಮೋಟಾರು ತಂದ ಪಂಚನಹಳ್ಳಿಯ ರೈತರೊಬ್ಬರನ್ನು ಒಮ್ಮೆ ಕೂರಿಸಿ, ಹಳೆಯದೊಂದು ಹೊಸದೊಂದು ಸಿನಿಮಾ ತೋರಿಸಿಯೇ ಮೋಟಾರು ಕೊಟ್ಟ. ಯಾವುದು ಮೇಲು ಎಂದು ಕೇಳಿದರೆ ಅವರು ಬಹಳ ಯೋಚಿಸಿದರು.

"ಎಲ್ಡ್ರಲ್ಲೂ ಮನೇಲಿ ಕರೆಂಟೈತೆ. ಲೈಟ್ ಯಾಕೆ ಹಾಕಲ್ಲ ಅವ್ರು?"

ಮಾವ ಮೊಬೈಲು ಆರಿಸಿ ಕಿಸೆಗೆ ಹಾಕಿಕೊಂಡ.

ಹೋದ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡಳು. ಬಹಳ ದಿನ ಅವನು ಮೊಬೈಲು ಮುಟ್ಟಲಿಲ್ಲ. ಆಮೇಲೊಂದು ಬೆಳಿಗ್ಗೆ ಅಂಗಡಿಗೆ ಹೋದರೆ, ತಾನು ಬೈಯುತ್ತಿದ್ದ ಈಚಿನ ಸಿನಿಮಾಗಳನ್ನೇ ಹಾಕಿಕೊಂಡು ಕೂತಿದ್ದಾನೆ. ಏನಾಯಿತು ಇವನಿಗೆ?

"ಇವು ನೀರೆತ್ತಲ್ಲ ಅಂತಿದ್ದೆ, ಮಾವ?"

"ಮೊದ್ಲಿನ ದೆವ್ವಗಳಿಗೆ ಬರೀ ಸಿಟ್ಟು ಕಣೋ. ಇವು ಹಂಗಲ್ಲ. ಮನೆ ನೆನಪಾಗಿ ಬತ್ತಾವೆ. ತಮ್ಮ ಜಾಗದಲ್ಲಿ ಸ್ವಲ್ಪ ಹೊತ್ತು ಕೂತು ಹೋಗ್ತಾವೆ." ಕೈಯಲ್ಲಿದ್ದ ತಂತಿ ಕೆಳಗಿಟ್ಟ. "ನಿಮ್ಮತ್ತೇನೂ ಬತ್ತಾಳೇನೋ?"

ನಾನು ಪಕ್ಕದಲ್ಲಿ ಕೂತು ಆ ಸಿನಿಮಾವನ್ನು ಕೊನೆಯವರೆಗೂ ನೋಡಿದೆ.

ಮಹಾಲಯ ಅಮಾವಾಸ್ಯೆ ಬಂತು. ಅತ್ತೆಗೆ ಮೊದಲ ಎಡೆ. ಅವಳಿಗಿಷ್ಟವಾದ ಕಡುಬು, ಕಾಯಿಹಾಲು, ಹೊಸ ಸೀರೆ ಎಲ್ಲ ಇಟ್ಟೆವು. ಹೋದವರು ಬಂದು ಉಂಡು ಹೋಗಲೆಂದು ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕೂತೆವು. ಹತ್ತು ನಿಮಿಷ ಬಿಟ್ಟು ಕದ ತಟ್ಟಿ ತೆಗೆಯುವುದು ನಮ್ಮ ಮನೆಯ ವಾಡಿಕೆ. ಹತ್ತು ಹೋಗಿ ಇಪ್ಪತ್ತಾಯಿತು, ಮಕ್ಕಳು ಹಸಿವೆಂದು ರಾಗ ತೆಗೆದವು. ಕದ ತಟ್ಟಲು ನಾನು ಎದ್ದೆ. ಮಾವ ಕೈ ಹಿಡಿದು ಕೂರಿಸಿದ.

"ತಾಳೋ. ಜೀವಮಾನವೆಲ್ಲ ನಮಗೆ ಬಡಿಸಿ, ಕೊನೇಲಿ ಗಬಗಬ ತಿಂದು ಏಳೋಳು. ಇವತ್ತೊಂದಿನ ನಿಧಾನಕ್ಕೆ ಉಣ್ಲಿ."